ಇಳಿಸಿದ ಹೊರೆ ಎಲ್ಲಿ ಹೋಯಿತು?

ದೂರ ನಡೆಯಬೇಕಾದವನು ಹೊರಡುವ ಮುನ್ನ ತನ್ನ ಗಂಟನ್ನು ಬಿಚ್ಚಿ ನೋಡಬೇಕಾಗುತ್ತದೆ. ಯಾವುದು ಬೇಕು, ಯಾವುದು ಬೇಡ, ಯಾವುದು ಇಲ್ಲದಿದ್ದರೂ ನಡೆದೀತು ಎಂದು ಒಂದೊಂದು ವಸ್ತುವನ್ನೂ ಕೈಯಲ್ಲಿ ಹಿಡಿದು ತೂಗಿ ನೋಡುವುದು ಮೇಲುನೋಟಕ್ಕೆ ಪ್ರಯಾಣದ ಸಿದ್ಧತೆಯಷ್ಟೇ ಆಗಿ ಕಾಣುತ್ತದೆ. ವಿಚಾರಿಸಿದರೆ, ಪರಿಗ್ರಹಪರಿಮಾಣವ್ರತವನ್ನು ಸ್ವೀಕರಿಸುವಾಗ ಶ್ರಾವಕನು ಮಾಡತಕ್ಕ ಕಾರ್ಯವೂ ಇದೇ ಆಗಿದೆ. ವ್ಯತ್ಯಾಸವಿಷ್ಟೆ: ವ್ರತದ ಲೆಕ್ಕದಲ್ಲಿ ತಪ್ಪಿದವನಿಗೆ ಅದರ ಅರಿವು ಬಹುಕಾಲ ಆಗದಿರಬಹುದು, ನಡಿಗೆಯ ಲೆಕ್ಕದಲ್ಲಿ ತಪ್ಪಿದವನಿಗೆ ಮೊದಲನೆಯ ಏರಿನಲ್ಲಿಯೇ ಭುಜವು ತಿಳಿಸಿಕೊಡುತ್ತದೆ.

ಈಗ ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳ ಕಾಡುದಾರಿಗಳಲ್ಲಿ ಬೆನ್ನುಚೀಲ ಹೊತ್ತು ನಡೆಯುವವರು ಕಾಣಸಿಗುತ್ತಾರೆ. ಮಾಗೋಡು, ಸಾತೊಡ್ಡಿ, ಉಂಚಳ್ಳಿ ಜಲಪಾತಗಳನ್ನು ನೋಡಬಂದ ತರುಣರು ಅವರಲ್ಲಿ ಹೆಚ್ಚು. ಸೋಂದೆಯ ಸ್ವಾದಿ ಜೈನ ಮಠಕ್ಕೂ ಸಿದ್ದಾಪುರ ತಾಲೂಕಿನ ಬಿಳಗಿಯ ಬಸದಿಗೂ ವಾಹನ ಹತ್ತದೆ ನಡೆದೇ ಹೋಗಬೇಕೆಂಬ ಹಂಬಲ ಹಿರಿಯ ಶ್ರಾವಕರಲ್ಲಿ ಹುಟ್ಟಿದರೂ ಆಶ್ಚರ್ಯವಿಲ್ಲ. ಇಂಥ ನಡಿಗೆಗೆ ಇಂದಿನ ಕನ್ನಡದಲ್ಲಿ ಚಾರಣ ಎಂಬ ಹೆಸರು ರೂಢಿಯಾಗಿದೆ. ಜೈನ ಪುರಾಣಗಳನ್ನು ಓದಿದವರಿಗೆ ಈ ಶಬ್ದ ಹೊಸದಲ್ಲ. ಚಾರಣಋದ್ಧಿಯನ್ನು ಪಡೆದ ಮುನಿಗಳು ನೀರಿನ ಮೇಲೆ ನಡೆದರೆ ಜಲಕಾಯಿಕ ಜೀವಗಳಿಗೆ ಬಾಧೆಯಿಲ್ಲ. ಹೂವಿನ ಮೇಲೆ ನಡೆದರೆ ಹೂವಿನಲ್ಲಿರುವ ಜೀವಗಳಿಗೆ ಬಾಧೆಯಿಲ್ಲ. ಅಲ್ಲಿ ಹಗುರ ಎಂಬುದರ ಅರ್ಥ ನಡೆಯುವವನಿಗೆ ಸುಖವೆಂದಲ್ಲ, ಕಾಲಡಿಯ ಜೀವಕ್ಕೆ ನೋವಿಲ್ಲವೆಂದು. ಹಳೆಯ ಚಾರಣಕ್ಕೂ ಹೊಸ ಚಾರಣಕ್ಕೂ ಇರುವ ಅಂತರವನ್ನು ಅಳೆಯಲು ಈ ಒಂದು ಅರ್ಥವೇ ಸಾಕು.

ಹೊಸ ಚಾರಣದವರು ಹಗುರತನವನ್ನು ಒಂದು ಶಾಸ್ತ್ರವನ್ನಾಗಿಯೇ ಬೆಳೆಸಿದ್ದಾರೆ. ಅಮೆರಿಕದಲ್ಲಿ ಸಾವಿರಾರು ಕಿಲೋಮೀಟರು ಉದ್ದದ ಕಾಲುದಾರಿಗಳಿವೆ. ಅವುಗಳಲ್ಲಿ ನಡೆಯುವವರು ಅನ್ನ, ನೀರು, ಉರುವಲುಗಳನ್ನು ಬಿಟ್ಟು ಉಳಿದ ಸಾಮಾನಿನ ತೂಕವನ್ನು ಮೂಲತೂಕವೆಂದು ಎಣಿಸುತ್ತಾರೆ. ಅದು ೧೦ ಪೌಂಡು, ಅಂದರೆ ಸುಮಾರು ೪.೫ ಕಿಲೋಗ್ರಾಮಿಗಿಂತ ಕಡಿಮೆಯಿದ್ದರೆ ಅತಿ ಹಗುರವೆನ್ನುತ್ತಾರೆ. ಈ ಲೆಕ್ಕಾಚಾರವೆಲ್ಲ ಪ್ರಚಾರಕ್ಕೆ ಬರುವುದಕ್ಕೆ ಮೊದಲೇ, ೧೯೫೫ರಲ್ಲಿ, ಎಮ್ಮಾ ಗೇಟ್‌ವುಡ್ ಎಂಬ ೬೭ ವರ್ಷದ ತಾಯಿ, ಹನ್ನೊಂದು ಮಕ್ಕಳನ್ನು ಹೆತ್ತು ಸಾಕಿದವಳು, ಅಪಲೇಚಿಯನ್ ಕಾಲುದಾರಿಯ ಮೂರು ಸಾವಿರಕ್ಕೂ ಹೆಚ್ಚು ಕಿಲೋಮೀಟರುಗಳನ್ನು ಒಬ್ಬಳೇ ನಡೆದು ಮುಗಿಸಿದಳು. ಕೈಯಾರೆ ಹೊಲಿದ ಒಂದು ಚೀಲ, ಒಂದು ಕಂಬಳಿ, ಮಳೆಗೆ ಒಂದು ಪ್ಲಾಸ್ಟಿಕ್ ಪರದೆ, ಕಾಲಿಗೆ ಕ್ಯಾನ್ವಾಸಿನ ಬೂಟು. ಡೇರೆ ಇರಲಿಲ್ಲ. ದಾರಿಯಲ್ಲಿ ಸಿಕ್ಕ ಮನೆಗಳವರು ಕರೆದರೆ ಜಗಲಿಯಲ್ಲಿ ಮಲಗಿದಳು, ಕೊಟ್ಟರೆ ಉಂಡಳು.

ಇದನ್ನು ಕೇಳಿದ ಜೈನನಿಗೆ ದಿಗಂಬರ ಮುನಿಯ ವಿಹಾರವು ನೆನಪಿಗೆ ಬರುವುದು ಸಹಜ. ಸಂಯಮಕ್ಕೆ ಪಿಂಛಿ, ಶೌಚಕ್ಕೆ ಕಮಂಡಲು, ಜ್ಞಾನಕ್ಕೆ ಶಾಸ್ತ್ರ. ಈ ಮೂರಕ್ಕಿಂತ ಹೆಚ್ಚಿನ ಉಪಕರಣ ಮುನಿಗಿಲ್ಲ. ಜಗತ್ತಿನ ಯಾವ ಚಾರಣಿಗನ ಮೂಲತೂಕವೂ ಇದಕ್ಕಿಂತ ಕಡಿಮೆಯಾಗದು. ಆದರೆ ಗೃಹಸ್ಥನು ಮುನಿಯಲ್ಲ. ವಸ್ತುವನ್ನು ಬಿಡುವ ಶಕ್ತಿ ಬಾರದೆ ಬಿಟ್ಟವನು ಅದನ್ನು ಬೇರೊಬ್ಬರ ಕೈಯಿಂದ ಪಡೆಯಬೇಕಾಗುತ್ತದೆ. ಆದ್ದರಿಂದ ಗೃಹಸ್ಥನು ಎಷ್ಟು ಇಳಿಸಿದೆನೆಂದು ಕೇಳಿಕೊಳ್ಳುವುದರ ಜೊತೆಗೆ, ಇಳಿಸಿದ ಹೊರೆ ಎಲ್ಲಿ ಹೋಯಿತೆಂದೂ ಕೇಳಿಕೊಳ್ಳಬೇಕು. ಧರ್ಮದ ದೃಷ್ಟಿಯಿಂದ ಎರಡನೆಯ ಪ್ರಶ್ನೆಯೇ ಮುಖ್ಯ.

ಆಚಾರ್ಯರು ಈ ವಿಷಯವನ್ನು ಎರಡು ಕಡೆ ಇಟ್ಟಿರುವುದು ಗಮನಾರ್ಹ. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಅಹಿಂಸಾಣುವ್ರತದ ಐದು ಅತಿಚಾರಗಳನ್ನು ಹೇಳುವಾಗ ಅತಿಭಾರಾರೋಪಣವನ್ನು, ಎಂದರೆ ಶಕ್ತಿಮೀರಿ ಹೊರೆ ಹೊರಿಸುವುದನ್ನು, ಅವುಗಳಲ್ಲಿ ಸೇರಿಸಿದ್ದಾರೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅದನ್ನು ಅಹಿಂಸೆಯ ಅತಿಚಾರಗಳಲ್ಲಿ ಹೇಳಿದ್ದಲ್ಲದೆ, ಪರಿಗ್ರಹಪರಿಮಾಣದ ಅತಿಚಾರಗಳಲ್ಲಿಯೂ ಅತಿಭಾರವಹನವೆಂಬ ಹೆಸರಿನಿಂದ ಇನ್ನೊಮ್ಮೆ ಹೇಳಿದ್ದಾರೆ. ಭಾರ ಒಂದೇ, ದೋಷ ಎರಡು. ಹೊರುವ ಜೀವವು ನೋಯುವುದರಿಂದ ಅದು ಹಿಂಸೆ. ಹೊರಿಸಿದವನ ಆಸೆಯು ಮಿತಿಮೀರಿದ್ದರಿಂದ ಅದು ಪರಿಗ್ರಹ. ಇದರಿಂದ ಯಾತ್ರಿಕನಿಗೆ ಎರಡು ತಕ್ಕಡಿಗಳು ದೊರೆಯುತ್ತವೆ. ಒಂದರಲ್ಲಿ ತನ್ನ ಆಸೆಯನ್ನು ತೂಗಬೇಕು, ಇನ್ನೊಂದರಲ್ಲಿ ಪರರಿಗಾಗುವ ನೋವನ್ನು ತೂಗಬೇಕು. ಮೊದಲನೆಯದರಲ್ಲಿ ಹಗುರವಾದದ್ದು ಎರಡನೆಯದರಲ್ಲಿ ಭಾರವಾಗಬಹುದು ಎಂಬುದೇ ಇಲ್ಲಿಯ ಕಷ್ಟ.

ಒಂದು ದೃಷ್ಟಾಂತವನ್ನು ತೆಗೆದುಕೊಳ್ಳೋಣ. ಮಾರ್ಗಶಿರ ಮಾಸದಲ್ಲಿ ನಾಲ್ವರು ಗೃಹಸ್ಥರು ಯಲ್ಲಾಪುರದಿಂದ ಹೊರಟು, ಸೋಂದೆ, ಶಿರಸಿ, ಸಿದ್ದಾಪುರಗಳ ಮೂಲಕ ಬಿಳಗಿಯನ್ನು ಮುಟ್ಟಬೇಕೆಂದು ಸಂಕಲ್ಪಿಸಿದ್ದಾರೆನ್ನೋಣ. ದಾರಿ ನೂರು ಕಿಲೋಮೀಟರಿನ ಆಸುಪಾಸು, ಆರು ದಿನದ ನಡಿಗೆ. ಒಬ್ಬೊಬ್ಬರಿಗೂ ಸಾಮಾನು ೪.೫ ಕಿಲೋ, ದಿನಕ್ಕೆ ಮುಕ್ಕಾಲು ಕಿಲೋದಂತೆ ಒಣ ಆಹಾರ ೪.೫ ಕಿಲೋ, ಎರಡು ಲೀಟರು ನೀರು ೨ ಕಿಲೋ. ಒಟ್ಟು ೧೧ ಕಿಲೋ. ಅರವತ್ತು ದಾಟಿದವರ ಬೆನ್ನಿಗೆ ಇದು ಸಣ್ಣ ಹೊರೆಯಲ್ಲ. ಹೊರೆ ಹೆಚ್ಚಾದಂತೆ ನಡಿಗೆ ನಿಧಾನವಾಗುತ್ತದೆ. ನಡಿಗೆ ನಿಧಾನವಾದರೆ ಸೂರ್ಯಾಸ್ತದೊಳಗೆ ಬಿಡಾರ ಸೇರಲಾಗದೆ ರಾತ್ರಿಭೋಜನತ್ಯಾಗಕ್ಕೆ ಭಂಗ ಬರುತ್ತದೆ. ಬಳಲಿದ ಕಾಲು ನೆಲವನ್ನು ನೋಡಿ ಇಡುವುದಿಲ್ಲ, ಬಿದ್ದಲ್ಲಿ ಬೀಳುತ್ತದೆ. ನಾಲ್ಕು ಮೊಳ ಮುಂದಿನ ನೆಲವನ್ನು ನೋಡಿ ನಡೆಯಬೇಕೆಂಬ ಈರ್ಯಾಸಮಿತಿಯ ಅಭ್ಯಾಸ ಅಲ್ಲಿಗೆ ಮುಗಿಯಿತು. ಹೀಗೆ ಹೊರೆ ಇಳಿಸುವುದು ವ್ರತರಕ್ಷಣೆಗೆ ಸಹಾಯಕವೇ ಎಂಬುದರಲ್ಲಿ ಸಂದೇಹವಿಲ್ಲ. ಇಳಿಸುವ ಬಗೆ ಯಾವುದೆಂಬುದೇ ವಿಚಾರಣೀಯ.

ಮೊದಲು ಹೊದಿಕೆಯ ಮಾತು. ಚಾರಣದ ಸಾಮಾನು ಮಾರುವವರನ್ನು ಕೇಳಿದರೆ ಅತ್ಯಂತ ಹಗುರವೂ ಬೆಚ್ಚಗೂ ಇರುವ ಹಾಸಿಗೆಚೀಲಗಳಲ್ಲಿ ಹೆಬ್ಬಾತು ಅಥವಾ ಬಾತುಕೋಳಿಯ ಎದೆಯ ಎಳೆಗರಿಗಳನ್ನು ತುಂಬಿರುತ್ತದೆಂದು ಹೇಳುತ್ತಾರೆ. ಆ ಗರಿಗಳಲ್ಲಿ ಹೆಚ್ಚಿನವು ಮಾಂಸಕ್ಕಾಗಿ ಕೊಂದ ಪಕ್ಷಿಗಳವು. ಕೆಲವು ಬದುಕಿರುವಾಗಲೇ ಕಿತ್ತವು. ಕೈಯಲ್ಲಿ ಹಿಡಿದರೆ ತೂಕವೇ ಇಲ್ಲದ ಆ ಚೀಲ ಎರಡನೆಯ ತಕ್ಕಡಿಯಲ್ಲಿ ಎಷ್ಟು ಭಾರ! ಇಲ್ಲಿ ಮುನಿಯ ಪಿಂಛಿಯನ್ನು ನೆನೆಯಬೇಕು. ಧೂಳನ್ನು ಹಿಡಿಯದಿರುವುದು, ಬೆವರನ್ನು ಹಿಡಿಯದಿರುವುದು, ಮೃದುತ್ವ, ಸುಕುಮಾರತೆ, ಲಘುತ್ವ ಎಂದು ಪಿಂಛಿಯ ಐದು ಗುಣಗಳನ್ನು ಮೂಲಾಚಾರವು ಹೇಳುತ್ತದೆ. ಅಂದರೆ ಹಗುರತನವೂ ಒಂದು ಗುಣವೆಂದು ಆಗಮವೇ ಒಪ್ಪಿದೆ. ಆದರೆ ಆ ಗರಿಗಳು ನವಿಲು ತಾನಾಗಿ ಉದುರಿಸಿದವು. ಎರಡೂ ಗರಿಯೇ, ಎರಡೂ ಹಗುರವೇ. ಒಂದು ಬಿಟ್ಟದ್ದು, ಇನ್ನೊಂದು ಕಿತ್ತದ್ದು. ರೇಷ್ಮೆಯ ಒಳಹೊದಿಕೆಗೂ ಚರ್ಮದ ಬೂಟಿಗೂ ಇದೇ ವಿಚಾರ ಅನ್ವಯಿಸುತ್ತದೆ. ಕೃತಕ ನೂಲನ್ನು ತುಂಬಿದ ಚೀಲ ಅದೇ ಬೆಚ್ಚಗೆಗೆ ಅರ್ಧ ಕಿಲೋ ಹೆಚ್ಚು ತೂಗಬಹುದು. ಆ ಅರ್ಧ ಕಿಲೋವನ್ನು ಸಂತೋಷದಿಂದ ಹೊರುವುದೇ ಶ್ರಾವಕನಿಗೆ ಒಪ್ಪುವ ಮಾತು. ಘಟ್ಟದ ಮೇಲಿನ ಮಾರ್ಗಶಿರದ ಚಳಿಗೆ ದಪ್ಪನೆಯ ಹತ್ತಿಯ ಹೊದಿಕೆಯೂ ಸಾಲದೆ ಇರದು.

ಆಹಾರದ ವಿಷಯದಲ್ಲಿ ಧರ್ಮವೂ ಭುಜವೂ ಬಹುಮಟ್ಟಿಗೆ ಒಂದೇ ಮಾತನ್ನು ಹೇಳುತ್ತವೆ. ಹಸಿ ಹಣ್ಣು ತರಕಾರಿಗಳಲ್ಲಿ ಬಹುಪಾಲು ನೀರೇ ಇರುವುದರಿಂದ ದೂರದ ನಡಿಗೆಗೆ ಒಣಗಿದ ಪದಾರ್ಥವೇ ಸರಿ. ಈ ಸೀಮೆಯ ಅಡಿಗೆಮನೆಗಳು ಇದನ್ನು ಬಹುಕಾಲದಿಂದ ಬಲ್ಲವು. ಬಾಳೆಹಣ್ಣನ್ನು ಒಣಗಿಸಿದ ಸುಕೇಳಿ, ಅವಲಕ್ಕಿ, ಹೆಸರುಬೇಳೆ, ಬೆಲ್ಲ, ಕೊಬ್ಬರಿ, ಗೋಡಂಬಿ, ಒಣಗಿದ ಮುರುಗಲ ಸಿಪ್ಪೆ, ಒಣಶುಂಠಿ. ಇಷ್ಟಿದ್ದರೆ ಯಾತ್ರಿಕನಿಗೆ ಕೊರತೆಯಿಲ್ಲ. ತುಪ್ಪ ಕೊಬ್ಬರಿಗಳು ಅದೇ ತೂಕದ ಅಕ್ಕಿಗಿಂತ ಬಹಳ ಹೆಚ್ಚು ಶಕ್ತಿ ಕೊಡುವುದರಿಂದ ಸ್ವಲ್ಪವೇ ಸಾಕು. ಇನ್ನು ಹಿಟ್ಟಿನ ಮರ್ಯಾದೆ: ಚಳಿಗಾಲದಲ್ಲಿ ೭ ದಿನ, ಬೇಸಗೆಯಲ್ಲಿ ೫ ದಿನ, ಮಳೆಗಾಲದಲ್ಲಿ ೩ ದಿನ ಎಂದು ವ್ರತಿಗಳು ಪಾಲಿಸುತ್ತಾರೆ. ಮಾರ್ಗಶಿರದ ಆರು ದಿನದ ನಡಿಗೆಗೆ ಹೊರಡುವ ದಿನ ಬೀಸಿದ ಹಿಟ್ಟು ಸಲ್ಲುತ್ತದೆ. ಅದೇ ನಡಿಗೆ ವೈಶಾಖದಲ್ಲಾದರೆ ಐದು ದಿನಕ್ಕೆ ಮೀರಿದ ಹಿಟ್ಟನ್ನು ಹೊರುವುದೇ ವ್ಯರ್ಥ. ಇಷ್ಟಕ್ಕಿಂತ ಹೆಚ್ಚು ಬೇಡವೆಂದು ನಿಯಮವೇ ಚೀಲದ ಬಾಯನ್ನು ಕಟ್ಟುತ್ತದೆ. ಉಪಯೋಗಕ್ಕೆ ಮೀರಿ ಭೋಗವಸ್ತುಗಳನ್ನು ಕೂಡಿಡುವುದು ಅನರ್ಥದಂಡವ್ರತದ ಅತಿಚಾರವೆಂಬುದನ್ನೂ ಇಲ್ಲಿ ಸ್ಮರಿಸಬೇಕು.

ಒಂದೆಡೆ ಮಾತ್ರ ಭುಜವೂ ಧರ್ಮವೂ ಬೇರೆಯಾಗುತ್ತವೆ. ಶಿರಸಿ ಸೀಮೆ ಜೇನಿಗೆ ಹೆಸರಾದದ್ದು. ಒಂದು ಪುಟ್ಟ ಕುಪ್ಪಿಯ ಜೇನು ದಾರಿಗೆ ತಕ್ಕ ಬಲಕೊಡುವ ವಸ್ತುವೇ ಹೌದು. ಆದರೆ ಮದ್ಯ ಮಾಂಸಗಳೊಡನೆ ಮಧುವನ್ನು ತ್ಯಜಿಸುವುದು ಶ್ರಾವಕನ ಮೂಲಗುಣ. ಅಸಂಖ್ಯ ಹುಳುಗಳ ದುಡಿಮೆಯನ್ನೂ ಜೀವವನ್ನೂ ಕುಪ್ಪಿಯಲ್ಲಿ ಅಡಗಿಸಿಕೊಂಡು ಹಗುರವಾದ ಆ ಬಲಕ್ಕಿಂತ, ಎರಡು ಅಚ್ಚು ಬೆಲ್ಲದ ಭಾರವೇ ಲೇಸು.

ನೀರಿನ ತೂಕವನ್ನು ಯಾರೂ ಕಡಿಮೆ ಮಾಡಲಾರರು. ಒಂದು ಲೀಟರಿಗೆ ಒಂದು ಕಿಲೋ. ಹಳ್ಳಗಳು ಹತ್ತಿರವಿರುವ ಈ ನಾಡಿನಲ್ಲಿ ದಪ್ಪನೆಯ ಬಟ್ಟೆಯನ್ನು ಎರಡು ಪದರ ಮಾಡಿ ಸೋಸಿಕೊಂಡರೆ ಬಹಳ ನೀರು ಹೊರಬೇಕಾಗಿಲ್ಲ. ಆದರೆ ಸೋಸಿದ ನೀರಿನ ಮರ್ಯಾದೆ ಒಂದು ಮುಹೂರ್ತ, ಎಂದರೆ ೪೮ ನಿಮಿಷ. ಚೆನ್ನಾಗಿ ಕುದಿಸಿದ ನೀರಿಗೆ ೨೪ ಗಂಟೆ. ಆದ್ದರಿಂದ ಸಂಜೆಯ ಅಡಿಗೆಯೊಡನೆ ಮರುದಿನದ ನೀರನ್ನೂ ಕುದಿಸಿಟ್ಟುಕೊಳ್ಳುವುದು ಉಚಿತ. ಸೋಸಿದ ಬಟ್ಟೆಯಲ್ಲಿ ಉಳಿದ ಜೀವಗಳನ್ನು ಯಾವ ಹಳ್ಳದಿಂದ ನೀರು ತೆಗೆದೆವೋ ಅದೇ ಹಳ್ಳಕ್ಕೆ ಬಿಡಬೇಕೆಂಬ ನಿಯಮ ಬಹು ಅರ್ಥವತ್ತಾದುದು. ತನ್ನ ನೀರನ್ನು ಶುದ್ಧಮಾಡಿಕೊಂಡ ಮಾತ್ರಕ್ಕೆ ಯಾತ್ರಿಕನ ಕೆಲಸ ಮುಗಿಯುವುದಿಲ್ಲ. ಬೇಡವಾದದ್ದನ್ನು ಎಲ್ಲಿ ಬಿಟ್ಟನೆಂಬುದಕ್ಕೂ ಅವನೇ ಉತ್ತರ ಹೇಳಬೇಕು. ಜಲಪಾತಗಳ ಬಳಿ ತಿಂಡಿಯ ಪೊಟ್ಟಣಗಳನ್ನು ಎಸೆದು ಕೈಬೀಸಿಕೊಂಡು ಮರಳುವವರು ಈ ನಿಯಮವನ್ನು ಕೇಳಿದವರಲ್ಲ. ಅವರ ಚೀಲ ಹಗುರವಾಯಿತು, ಕಾಡು ಭಾರವಾಯಿತು.

ಉರುವಲಿನ ವಿಷಯ ಇನ್ನೂ ಸೂಕ್ಷ್ಮ. ಒಲೆಯನ್ನು ಹೊರದೆ ಹೋದರೆ ಚೀಲದಲ್ಲಿ ಒಂದು ಕಿಲೋದಷ್ಟು ಉಳಿತಾಯ. ಕಾಡಿನಲ್ಲಿ ಸೌದೆಗೇನು ಬರವೇ? ಎಂದು ತೋರಬಹುದು. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರಗಳಲ್ಲಿ ಕಾಡಿನಂತೆ ಕಾಣುವುದರಲ್ಲಿ ಎಷ್ಟೋ ಭಾಗ ಅಡಕೆ ತೋಟಗಳಿಗೆ ಹೊಂದಿಕೊಂಡ ಸೊಪ್ಪಿನ ಬೆಟ್ಟ. ತೋಟಕ್ಕೆ ಸೊಪ್ಪು, ತರಗು ಬರುವುದು ಅಲ್ಲಿಂದ. ಅಲ್ಲಿಯ ಕಟ್ಟಿಗೆಯನ್ನು ಕೇಳದೆ ಎತ್ತಿಕೊಂಡರೆ ಅದು ಅದತ್ತಾದಾನವೇ, ಕೊಡದುದನ್ನು ತೆಗೆದುಕೊಂಡದ್ದೇ. ಅಷ್ಟಲ್ಲದೆ ಬಿದ್ದು ಒಣಗಿದ ಟೊಂಗೆಯೊಳಗೆ ಇರುವೆ, ಗೆದ್ದಲು, ಹುಳುಗಳ ಸಂಸಾರವೇ ಇರುತ್ತದೆ. ಸೌದೆಯನ್ನು ಶೋಧಿಸದೆ ಉರಿಸಿದವನ ಒಲೆಯಲ್ಲಿ ಅವೂ ಉರಿದವು. ಸಣ್ಣದೊಂದು ಗ್ಯಾಸಿನ ಒಲೆಯನ್ನು ಬೆನ್ನಮೇಲೆ ಹೊತ್ತವನು ಒಂದು ಕಿಲೋ ಹೆಚ್ಚು ಹೊತ್ತನು. ಆದರೆ ಬೆಟ್ಟದ ಒಡೆಯನ ಮೇಲೂ ಗೆದ್ದಲ ಮೇಲೂ ಏನನ್ನೂ ಹೊರಿಸಲಿಲ್ಲ. ಇದೇ ಶಿರಸಿ ತಾಲೂಕಿನ ಸಾಲ್ಕಣಿಯ ಜನರು ೧೯೮೩ರಲ್ಲಿ ಮರಗಳನ್ನು ಅಪ್ಪಿಕೊಂಡು ಅಪ್ಪಿಕೋ ಚಳವಳಿಯನ್ನು ಆರಂಭಿಸಿದರು. ಉಳಿಸುವುದು, ಬೆಳೆಸುವುದು, ಅನಂತರ ಮಿತವಾಗಿ ಬಳಸುವುದು ಎಂಬ ಕ್ರಮವನ್ನು ಆ ಚಳವಳಿ ಸಾರಿತು. ಬಳಕೆಗೆ ಪರಿಮಾಣವಿರಬೇಕೆಂಬ ಮಾತು ಶ್ರಾವಕನಿಗೆ ಪರಕೀಯವೆನಿಸದು.

ಮಳೆಗಾಲದ ಉಂಬಳದ ಮಾತನ್ನೂ ಇಲ್ಲಿಯೇ ಹೇಳಬಹುದು. ಒಂದು ಚಿಟಿಕೆ ಉಪ್ಪಿಗೆ ಚೀಲದಲ್ಲಿ ತೂಕವಿಲ್ಲ, ಆದರೆ ಅದು ಬಿದ್ದ ಉಂಬಳ ಬಾಡಿ ಸಾಯುತ್ತದೆ. ಉಗುರಿನಿಂದ ಮೆಲ್ಲಗೆ ಸರಿಸಿ ಬಿಡಲು ಬೇಕಾದದ್ದು ತಾಳ್ಮೆ ಮಾತ್ರ. ಎಲ್ಲಕ್ಕಿಂತ ಮೇಲಾದ ಉಪಾಯವನ್ನು ಮುನಿಗಳೇ ತೋರಿಸಿದ್ದಾರೆ. ಜೀವೋತ್ಪತ್ತಿ ಹೆಚ್ಚಿರುವ ಚಾತುರ್ಮಾಸದಲ್ಲಿ ಅವರು ವಿಹರಿಸುವುದಿಲ್ಲ, ಒಂದೆಡೆ ನಿಲ್ಲುತ್ತಾರೆ.

ಇನ್ನು ಮನುಷ್ಯರ ಮೇಲೆ ಹೊರಿಸುವ ಹೊರೆ. ಕೂಲಿಯಾಳಿನ ತಲೆಯ ಮೇಲೆ ಗಂಟಿಟ್ಟು ತಾನು ಕೈಬೀಸಿಕೊಂಡು ನಡೆದವನದು ಅಪರಿಗ್ರಹವಲ್ಲವೆಂದು ಯಾರೂ ಹೇಳಬಲ್ಲರು. ಆತಿಥ್ಯದ ಮೂಲಕ ಹೊರಿಸುವ ಹೊರೆ ಅಷ್ಟು ಬೇಗ ಕಣ್ಣಿಗೆ ಬೀಳುವುದಿಲ್ಲ. ಈ ತಾಲೂಕುಗಳಲ್ಲಿ ಶ್ರಾವಕರ ಮನೆಗಳು ವಿರಳ. ಮಲೆನಾಡಿನ ಮನೆಗಳವರು ಬಂದವರಿಗೆ ಬೆಲ್ಲ ನೀರು ಕೊಟ್ಟು, ಉಣ್ಣಲು ಎಬ್ಬಿಸುವ ಉದಾರಿಗಳು, ನಿಜ. ಆದರೆ ಗಡ್ಡೆಗೆಣಸು ಬೇಡ, ಸೂರ್ಯಾಸ್ತದೊಳಗೆ ಆಗಬೇಕು, ನೀರು ಸೋಸಿದ್ದಾಗಿರಬೇಕು ಎಂಬ ನಿಯಮಗಳೊಡನೆ ನಾಲ್ವರು ಹಠಾತ್ತನೆ ಅಂಗಳಕ್ಕೆ ಬಂದರೆ ಆ ಮನೆಯ ಗೃಹಿಣಿಯ ಮಧ್ಯಾಹ್ನವೆಲ್ಲ ಅವರ ವ್ರತಕ್ಕೆ ಹೋಗುತ್ತದೆ. ವ್ರತ ಯಾತ್ರಿಕನದು, ಶ್ರಮ ಅವಳದು. ಗೇಟ್‌ವುಡ್ ತಾಯಿಯು ಜಗಲಿಯಲ್ಲಿ ಮಲಗಿದುದರಲ್ಲಿ ಈ ದೋಷವಿರಲಿಲ್ಲ. ಸಿಕ್ಕಿದ್ದನ್ನು ಸಿಕ್ಕಂತೆ ಸ್ವೀಕರಿಸುವವಳಿಗೆ ನಿಬಂಧನೆಗಳಿರಲಿಲ್ಲ. ನಿಬಂಧನೆಗಳುಳ್ಳವನು ತನ್ನ ಅನ್ನವನ್ನು ತಾನೇ ಹೊರುವುದು ನ್ಯಾಯ. ಮಲಗಲು ಜಗಲಿಯನ್ನೂ ಕುದಿಸಲು ಬಾವಿಯ ನೀರನ್ನೂ ಕೇಳಿ ಪಡೆದರೆ ಸಾಕು.

ಮುನಿಸಂಘದ ವಿಹಾರವನ್ನು ಹಿಂಬಾಲಿಸುವ ವಾಹನಗಳ ವಿಷಯದಲ್ಲಿಯೂ ಶ್ರಾವಕರು ಆತ್ಮವಿಮರ್ಶೆ ಮಾಡಿಕೊಳ್ಳಬಹುದು. ಮುನಿಗಳು ಏನನ್ನೂ ಬೇಡಲಿಲ್ಲ. ತಮಗಾಗಿ ಮಾಡಿದ ಉದ್ದಿಷ್ಟ ಆಹಾರ ಅವರಿಗೆ ಸಲ್ಲುವುದೂ ಇಲ್ಲ. ವಾಹನದಲ್ಲಿ ಪಾತ್ರೆ, ದಿನಸಿ, ಡೇರೆಗಳನ್ನು ತುಂಬುವವರು ಭಕ್ತರು. ಆ ಭಕ್ತಿ ದೊಡ್ಡದು. ಆದರೆ ಅದರ ಭಾರವು ಸೇವೆಗೆ ಬೇಕಾದಷ್ಟೇ ಇದೆಯೇ, ಸೇವೆಯ ಹೆಸರಿನಲ್ಲಿ ತಮ್ಮ ಸುಖವೂ ಗಾಡಿಯೇರಿದೆಯೇ ಎಂದು ಕೇಳಿಕೊಳ್ಳಬೇಕಾದವರೂ ಅವರೇ.

ವ್ರತಿಗಳಲ್ಲಿ ಕೆಲವರಿಗೆ ಇನ್ನೊಂದು ಉಪಾಯ ತೋರಬಹುದು: ನಡಿಗೆಯ ದಿನಗಳಲ್ಲಿ ಉಪವಾಸವಿದ್ದರೆ ಆಹಾರವನ್ನು ಹೊರುವ ಪ್ರಮೇಯವೇ ಇಲ್ಲ, ಯಾತ್ರೆಯ ಪುಣ್ಯ, ತಪದ ನಿರ್ಜರೆ, ಹಗುರ ಚೀಲ ಮೂರೂ ದೊರೆತಂತೆ. ಈ ಭಾವನೆ ಅಪಾಯಕರವಾದುದು. ಪ್ರೋಷಧೋಪವಾಸವೆಂದರೆ ಅನ್ನವನ್ನು ಬಿಡುವುದು ಮಾತ್ರವಲ್ಲ. ಅಂದು ಆರಂಭವನ್ನೂ ಬಿಟ್ಟು ಧರ್ಮಧ್ಯಾನದಲ್ಲಿ ಕಳೆಯಬೇಕೆಂದು ಸಮಂತಭದ್ರರ ಉಪದೇಶವಿದೆ. ಅಷ್ಟಮಿಯೋ ಚತುರ್ದಶಿಯೋ ನಡುವೆ ಬಂದರೆ ಅಂದು ನಡೆಯಬಾರದು. ಸ್ವಾದಿಯಲ್ಲಿ ತಂಗಿ ಸ್ವಾಧ್ಯಾಯ ಮಾಡಬೇಕು. ಆರು ದಿನದ ನಡಿಗೆ ಏಳು ದಿನದ ಯಾತ್ರೆಯಾದರೆ ನಷ್ಟವೇನು? ತಪವು ಶಕ್ತಿಗನುಸಾರ ಇರಬೇಕೆಂಬುದು ಷೋಡಶ ಭಾವನೆಗಳಲ್ಲಿಯೇ ಒಂದು. ವಯಸ್ಸಾದವನು, ಮಧುಮೇಹಕ್ಕೆ ಔಷಧ ಸೇವಿಸುವವನು, ಖಾಲಿ ಹೊಟ್ಟೆಯಲ್ಲಿ ಏರುದಾರಿಯನ್ನು ಹತ್ತಿ ನಡುಗಾಡಿನಲ್ಲಿ ಕುಸಿದರೆ ಮೂವರು ಸಂಗಡಿಗರು ಅವನನ್ನು ಹೊತ್ತು ತರಬೇಕು. ೪.೫ ಕಿಲೋ ಆಹಾರವನ್ನು ಇಳಿಸಿದವನು ೬೦ ಕಿಲೋ ದೇಹವನ್ನು ಪರರ ಭುಜಕ್ಕೆ ಹೊರಿಸಿದಂತಾಯಿತು. ನಡಿಗೆಯ ದಿನಗಳಿಗೆ ಒಪ್ಪುವ ತಪವೆಂದರೆ ಅವಮೌದರ್ಯ: ಹಸಿವಿಗಿಂತ ಒಂದೆರಡು ತುತ್ತು ಕಡಿಮೆ ಉಣ್ಣುವುದು. ಅದು ಯಾರಿಗೂ ಹೊರೆಯಲ್ಲ.

ಇಷ್ಟು ವಿಚಾರಿಸುವವನು ಮನೆಯಿಂದ ಹೊರಡುವುದೆಂತು ಎಂದು ಯಾರಾದರೂ ಆಕ್ಷೇಪಿಸಬಹುದು. ದುಡ್ಡಿದ್ದವನು ಹಗುರವಾದ ಡೇರೆಯನ್ನು ಕೊಂಡು ನಡೆದರೆ ತಪ್ಪೇನೆಂದೂ ಕೇಳಬಹುದು. ತಪ್ಪಿಲ್ಲ. ಮುಪ್ಪಿನ ಭುಜಕ್ಕೆ ಹಗುರವಾದ ಸಾಮಾನು ಒಂದು ಅನುಕೂಲವೇ. ಆದರೆ ಹೊಸದು ಬಂದಾಗ ಹಳೆಯದು ಅಗತ್ಯವುಳ್ಳವರ ಕೈಸೇರಲಿ. ಮನೆಯ ಅಟ್ಟದಲ್ಲಿ ಮೂರು ಡೇರೆಗಳನ್ನು ಕೂಡಿಟ್ಟವನ ಬೆನ್ನು ಮಾತ್ರ ಹಗುರ, ಮನೆ ಭಾರ. ಅತಿಸಂಗ್ರಹವನ್ನೂ, ಪರರಲ್ಲಿರುವುದನ್ನು ಕಂಡು ಬೆರಗಾಗುವ ವಿಸ್ಮಯವನ್ನೂ ಸಮಂತಭದ್ರರು ಅತಿಭಾರವಹನದ ಪಕ್ಕದಲ್ಲಿಯೇ ಎಣಿಸಿದ್ದಾರೆ. ಸಂಗಡಿಗನ ಚೀಲ ತನ್ನದಕ್ಕಿಂತ ಇನ್ನೂರು ಗ್ರಾಂ ಕಡಿಮೆಯೆಂದು ರಾತ್ರಿ ನಿದ್ದೆಗೆಟ್ಟವನ ಪರಿಗ್ರಹ ಆ ಇನ್ನೂರು ಗ್ರಾಮಿನಲ್ಲಿದೆ. ಪರಿಗ್ರಹವು ಮೂರ್ಛೆಯಲ್ಲಿ, ಎಂದರೆ ಮಮಕಾರದಲ್ಲಿ ಇದೆಯೆಂದು ಉಮಾಸ್ವಾಮಿಗಳು ಹೇಳಿದ್ದು ಇಂಥವರ ಹಿತಕ್ಕಾಗಿಯೇ.

ಆದ್ದರಿಂದ ಯಾತ್ರೆಗೆ ಹೊರಡುವ ಶ್ರಾವಕನು ಗಂಟು ಕಟ್ಟುವಾಗ ಪ್ರತಿಯೊಂದು ವಸ್ತುವಿಗೂ ಎರಡು ಪ್ರಶ್ನೆಗಳನ್ನು ಕೇಳಲಿ. ಇದನ್ನು ಬಿಟ್ಟರೆ ನನಗೆ ನಡೆದೀತೇ? ಇದನ್ನು ಬಿಟ್ಟರೆ ಇದರ ಭಾರ ಬೇರೆ ಯಾವ ಜೀವದ ಮೇಲಾದರೂ ಬಿದ್ದೀತೇ? ಮೊದಲನೆಯದಕ್ಕೆ ಹೌದೆಂದೂ ಎರಡನೆಯದಕ್ಕೆ ಇಲ್ಲವೆಂದೂ ಉತ್ತರ ಬಂದುದನ್ನು ನಿಶ್ಚಿಂತೆಯಿಂದ ಬಿಡಲಿ. ಎರಡನೆಯದಕ್ಕೆ ಹೌದೆಂದು ಉತ್ತರ ಬಂದುದನ್ನು ತಾನೇ ಹೊರಲಿ, ಎಷ್ಟೇ ಭಾರವಾಗಿರಲಿ. ಮಣ್ಣಿನ ಲೇಪ ಕಳೆದ ಸೋರೆಬುರುಡೆ ನೀರಿನಲ್ಲಿ ತಾನಾಗಿ ಮೇಲೇಳುವಂತೆ ಕರ್ಮಲೇಪ ಕಳೆದ ಆತ್ಮವು ಊರ್ಧ್ವಗತಿಯನ್ನು ಹೊಂದುವುದೆಂಬ ದೃಷ್ಟಾಂತ ಎಲ್ಲರಿಗೂ ತಿಳಿದದ್ದೇ. ಆ ಬುರುಡೆ ತನ್ನ ಮಣ್ಣನ್ನು ಪಕ್ಕದ ಬುರುಡೆಗೆ ಮೆತ್ತಿ ಮೇಲೇಳಲಿಲ್ಲ ಎಂಬುದನ್ನು ಯಾತ್ರಿಕನು ಮರೆಯಬಾರದು.